ಸೇತುರಾಮರ ಪ್ರಸ್ಥಾನದ ಬ್ಯಾಗು

"ಬೆಟ್ಟ, ಸರೋವರ, ಬಿಸಿನೀರಿನ ಬುಗ್ಗೆ! ಹದಿನೆಂಟು ದಿನ, ಆರು ಸಾವಿರ ಕಿಲೋಮೀಟರು, ಡ್ರೈವರು ನಾನೇ!" ಎಂದು ಸೇತುರಾಮರು ಘೋಷಿಸಿದಾಗ ಜಯನಗರದ ಪಾರ್ಕಿನ ವಾಕಿಂಗ್ ಮಂಡಳಿ ವಾಕಿಂಗನ್ನೇ ನಿಲ್ಲಿಸಿತು.

ಸೇತುರಾಮರು ನಿವೃತ್ತ ಎಂಜಿನಿಯರು. ಹಿಮಾಚಲದ ಈ ದಂಡಯಾತ್ರೆಗೆಂದು ಎಂಬತ್ತನಾಲ್ಕು ಪುಟಗಳ ಫೈಲು ಸಿದ್ಧಪಡಿಸಿದ್ದರು. ಎಲ್ಲಿ ಕಾಫಿ, ಎಲ್ಲಿ ಪೆಟ್ರೋಲು, ಯಾವ ತಿರುವಿನಲ್ಲಿ ಬೆಟ್ಟ ಕಂಡು "ಆಹಾ" ಎನ್ನಬೇಕು, ಎಲ್ಲಕ್ಕೂ ನಿಮಿಷ ನಿಗದಿಯಾಗಿತ್ತು. ಹೆಂಡತಿ ಸರಸ್ವತಿಗೆ ಬೇಕಿದ್ದದ್ದು ಐವತ್ತೆರಡನೇ ಪುಟ ಮಾತ್ರ: ಅವರ ಮಂಡಿನೋವಿಗೆ ಬಿಸಿನೀರಿನ ಬುಗ್ಗೆ.

ಹೋಟೆಲುಗಳೆಲ್ಲ ಬುಕ್ ಆದಮೇಲೆ ಸೇತುರಾಮರು ಪಂಚಾಂಗ ತೆರೆದರು. ಹೊರಡುವುದು ಬುಧವಾರ. ಬುಧವಾರ ಉತ್ತರ ದಿಕ್ಕಿಗೆ ಶೂಲೆ, ಆ ಕಡೆ ಹೊರಟವರಿಗೆ ಕೇಡು!

"ಹೆದರ್ಬೇಡ ಸರಸು, ಪ್ರಸ್ಥಾನ ಇಡ್ತೀನಿ."

ಅಂದರೆ, ಒಳ್ಳೆಯ ದಿನ ನೋಡಿ ಒಂದು ಬ್ಯಾಗನ್ನು ಪಕ್ಕದ ಮನೆಯಲ್ಲಿಟ್ಟರೆ ಪ್ರಯಾಣ ಆಗಲೇ ಶುರುವಾದಂತೆ. ಶೂಲೆ ಬಂದು ನೋಡುವಷ್ಟರಲ್ಲಿ ಯಾತ್ರಿಕ ಪರಾರಿ!

ಸೋಮವಾರ ಅವರು ಬ್ಯಾಗಿಗೆ ಫೈಲು ಹಾಕಿದರು. ಕಾರಿನ ಎರಡು ಕೀಗಳನ್ನೂ ಹಾಕಿದರು.

"ಎರಡೂ ಯಾಕ್ರೀ?"

"ಅರ್ಧಂಬರ್ಧ ಪ್ರಸ್ಥಾನ ನನ್ನ ಕೈಲಾಗಲ್ಲ!"

ಪಕ್ಕದ ಮನೆಯ ವಿಷ್ಣು ರಜೆ ಹಾಕಿ, ಹೆಂಡತಿ ಲತಾಮಣಿಯೊಂದಿಗೆ ಬುಧವಾರ ಮಧ್ಯಾಹ್ನ ಮೈಸೂರಿಗೆ ಹೊರಡುವವನಿದ್ದ. ಅವನನ್ನು ಕೂರಿಸಿಕೊಂಡು ಸೇತುರಾಮರು ಎರಡು ಗಂಟೆ ಫೈಲು ಪಾರಾಯಣ ಮಾಡಿದರು. ಕೊನೆಗೆ ಬ್ಯಾಗನ್ನು ಅವನ ಮನೆಯಲ್ಲಿಟ್ಟು, ಬೆರಳೆತ್ತಿ ಎಚ್ಚರಿಸಿದರು: "ನೆನಪಿರ್ಲಿ ವಿಷ್ಣು, ಪ್ರಸ್ಥಾನದ ಬ್ಯಾಗು ಮುಂದಕ್ಕೇ ಹೋಗ್ಬೇಕು. ವಾಪಸ್ ನಮ್ಮನೆ ಹೊಸ್ತಿಲು ದಾಟ್ಬಾರ್ದು!"

ಬುಧವಾರ ಬೆಳಿಗ್ಗೆ ಆರಕ್ಕೆ ಹೋಗಿ ನೋಡಿದರೆ ವಿಷ್ಣುವಿನ ಮನೆಗೆ ಬೀಗ! ಸೇತುರಾಮರು ಫೋನು ಮಾಡಿದರು.

"ಸಾರ್, ನಿಮ್ಮ ಫೈಲ್ ಕೇಳಿದ್ಮೇಲೆ ಮೈಸೂರು ಸಪ್ಪೆ ಅನ್ನಿಸ್ಬಿಡ್ತು! ನಾವೂ ಹಿಮಾಚಲಕ್ಕೇ ಹೊರಟ್ವಿ, ಪೆನುಕೊಂಡ ದಾಟ್ತಿದೀವಿ. ನಿಮ್ಮ ಬ್ಯಾಗು ಡಿಕ್ಕೀಲಿದೆ. ಮುಂದಕ್ಕೇ ಹೋಗ್ಬೇಕು ಅಂದ್ರಲ್ಲ! ನೀವ್ ಹಿಂದೆ ಬರ್ತೀರಲ್ಲ ಸಾರ್?"

"ಕಾರಿನ ಕೀ ಅದರಲ್ಲೇ ಇದೆ ಕಣಯ್ಯಾ!"

"ಅಯ್ಯೋ! ವಾಪಸ್ ಬರ್ಲಾ ಸಾರ್? ಎರಡೇ ಗಂಟೆ."

"ಬರಕ್ಕೆ ಹೇಳ್ರೀ!" ಎಂದು ಸರಸ್ವತಿ ಮಂಡಿ ಹಿಡಿದುಕೊಂಡೇ ಕೂಗಿದರು.

ಸೇತುರಾಮರು ಎದೆ ಸೆಟೆಸಿದರು. "ಬೇಡ! ಮುಂದಿಟ್ಟ ಪ್ರಸ್ಥಾನ ಹಿಂದಕ್ಕೆ ಬರೋ ವಂಶ ಅಲ್ಲ ನಮ್ಮದು! ನಾನು ಬೇರೆ ಕೀ ಮಾಡಿಸ್ಕೊಂಡು ಹಿಡೀತೀನಿ ನಿಮ್ಮನ್ನ. ಮುಂದಿನ ಕಾಫಿ ಪುಟ ಏಳರಲ್ಲಿದೆ, ನೋಡ್ಕೋ!"

ಬೇರೆ ಕೀ ಬರಲು ಮೂರು ವಾರ ಬೇಕೆಂದು ಷೋರೂಮಿನವರು ಹೇಳಿದರು.

ಎಂಟನೇ ದಿನ ಫೋಟೋ ಬಂತು. ಹಿಂದೆ ಹಿಮದ ಬೆಟ್ಟ, ಮುಂದೆ ಹೊಗೆಯಾಡುವ ಬುಗ್ಗೆ, ದಡದ ಕಲ್ಲಿನ ಮೇಲೆ ಠೀವಿಯಿಂದ ಕುಳಿತ ಸೇತುರಾಮರ ಬ್ಯಾಗು! ಕೆಳಗೆ ವಿಷ್ಣುವಿನ ಒಕ್ಕಣೆ: "ನಿಮ್ಮ ಪ್ಲಾನ್ ಒಂದು ನಿಮಿಷಾನೂ ತಪ್ಪಿಲ್ಲ ಸಾರ್!"

"ನೋಡೇ ಸರಸು! ಹನ್ನೊಂದು ಇಪ್ಪತ್ತಕ್ಕೆ ಬುಗ್ಗೆ! ನಾನು ಬರೆದದ್ದೂ ಹನ್ನೊಂದು ಇಪ್ಪತ್ತೇ!" ಸೇತುರಾಮರ ಕಣ್ಣಲ್ಲಿ ಆನಂದಬಾಷ್ಪ. ಫೋಟೋ ಆಗಲೇ ವಾಕಿಂಗ್ ಮಂಡಳಿಗೆ ರವಾನೆಯಾಗಿತ್ತು.

ಸರಸ್ವತಿ ಬಕೆಟ್ಟಿನಲ್ಲಿ ಕಾಲಿಟ್ಟು ಕುಳಿತಿದ್ದರು. "ಬಹಳ ಸಂತೋಷ. ಇಲ್ಲಿ ಬುಗ್ಗೆ ಆರಿಹೋಗಿದೆ. ಗೀಸರಿಂದ ಇನ್ನೊಂದು ಚೆಂಬು ಬಿಸಿನೀರು ತನ್ನಿ."

ಆರು ಸಾವಿರ ಕಿಲೋಮೀಟರಿನ ಸಾರಥಿ ಚೆಂಬು ಹಿಡಿದು ಬಚ್ಚಲುಮನೆಯ ಕಡೆ ಹೊರಟರು.

"ರೀ," ಹಿಂದಿನಿಂದ ದನಿ ಬಂತು, "ಚೆಂಬನ್ನ ನೇರ ಇಲ್ಲಿಗೇ ತನ್ನಿ. ಪಕ್ಕದ್ಮನೇಲಿ ಇಟ್ಟು ಬರ್ಬೇಡಿ!"