ಬರ್ತೇನೆ ಅಂದವಳು ಬರಲಿಲ್ಲ

ಪಾಠ ಮಾಡುವವರಿಗೆ ಇರುವಷ್ಟು ಮಾತಿನ ಚಪಲ ಬೇರೆ ಯಾರಿಗೂ ಇರಲಾರದು. ನನಗಂತೂ ಅದು ಎರಡು ಪಾಲು. ಮುಂಬಯಿಯ ಜೋಗೇಶ್ವರಿಯಲ್ಲಿ ಒಂದೇ ಕೋಣೆಯ ಮನೆಯಲ್ಲಿ ಒಬ್ಬಳೇ ಇರುವವಳು ನಾನು. ಸ್ಟಾಫ್ ರೂಮಿನಲ್ಲಿ ಮರಾಠಿ, ಲೋಕಲ್ ರೈಲಿನಲ್ಲಿ ಹಿಂದಿ, ಕ್ಲಾಸಿನಲ್ಲಿ ಇಂಗ್ಲಿಷು. ಕನ್ನಡ ಏನಿದ್ದರೂ ಕುಕ್ಕರಿನ ಜೊತೆಗೆ. ಅದೂ ಮೂರು ಸಲ ಕೂಗಿ ಸುಮ್ಮನಾಗುತ್ತದೆ.

ಹೀಗಿರುವಾಗ ಬಾಂದ್ರಾದ ನಮ್ಮ ಕಾಲೇಜಿಗೆ, ನನ್ನ ಎಕನಾಮಿಕ್ಸ್ ಕ್ಲಾಸಿಗೆ ನಿಧಿ ಬಂದಳು. ಉಡುಪಿ ಕಡೆಯವರ ಮಗಳು. ತಂದೆ ಹೋಟೆಲ್ ಮ್ಯಾನೇಜರು. ಅವಳಿಗೆ ಆಟಿಸಂ ಇದೆ, ಹೇಳಿದ್ದನ್ನು ಹೇಳಿದ ಹಾಗೆಯೇ ತೆಗೆದುಕೊಳ್ಳುತ್ತಾಳೆ ಎಂದು ಅವಳ ಅಮ್ಮ ಮೊದಲೇ ತಿಳಿಸಿದ್ದರು. ನಮಗೆಲ್ಲ ಒಂದು ತರಬೇತಿಯೂ ಆಯಿತು: ಸುತ್ತಿ ಬಳಸಿ ಮಾತಾಡಬೇಡಿ, ಸೂಚನೆಗಳನ್ನು ಬೋರ್ಡಿನ ಮೇಲೆ ಬರೆಯಿರಿ, ಬದಲಾವಣೆ ಇದ್ದರೆ ಮುಂಚೆಯೇ ಹೇಳಿ. ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದೆ. ಸ್ಟಾಫ್ ರೂಮಿನಲ್ಲಿ ಕೊಚ್ಚಿಕೊಂಡೆ ಕೂಡ. ಆದರೆ ಒಂದು ಶುಕ್ರವಾರ ಕ್ಲಾಸು ಮುಗಿದ ಮೇಲೆ ಅವಳಿಗೆ ಗ್ರಾಫ್ ಬಿಡಿಸಿ ತೋರಿಸಿ, ಬ್ಯಾಗ್ ಹೆಗಲಿಗೇರಿಸುವಾಗ, ನಾಲಿಗೆ ತನ್ನ ಪಾಡಿಗೆ "ಬರ್ತೇನೆ ಆಯ್ತಾ" ಎಂದುಬಿಟ್ಟಿತು. ಹೋಗುವಾಗ ಹೋಗುತ್ತೇನೆ ಎನ್ನಬಾರದಲ್ಲ! ಅಷ್ಟು ಹೇಳಿ ಎರಡು ಹತ್ತರ ಲೋಕಲ್ ಹಿಡಿದು ಮನೆಗೆ ಬಂದೆ.

ನಿಧಿ ಕಾದಳು. ಸಂಜೆ ಆರಕ್ಕೆ ಅಮ್ಮ ಹುಡುಕಿಕೊಂಡು ಹೋದಾಗ ಖಾಲಿ ಕ್ಲಾಸಿನಲ್ಲಿ ಟಿಫಿನ್ ಡಬ್ಬಿಯನ್ನೂ ಬಿಚ್ಚದೆ ಕೂತಿದ್ದಳಂತೆ. ಸೋಮವಾರ ಬರಲಿಲ್ಲ, ಮಂಗಳವಾರವೂ ಇಲ್ಲ. ಆಮೇಲೆ ಅಮ್ಮನ ಫೋನು: "ಕಾಲೇಜೇ ಬೇಡ ಹೇಳ್ತಾಳೆ ಮೇಡಂ. ನೀವು ಸುಳ್ಳು ಹೇಳಿದ್ರಿ ಅಂತೆ."

ಅಯ್ಯೋ ದೇವರೇ ಎಂದು ಅವರ ಮನೆಗೆ ಓಡಿದೆ. ನಿಧಿ ಗೋಡೆ ನೋಡುತ್ತಾ ಕೇಳಿದಳು, "ನೀವು ಬರ್ತೇನೆ ಹೇಳಿದ್ರಿ. ಫಿರ್ ಆಯೀ ಕ್ಯೂಂ ನಹೀ?"

"ಅದು ಹಾಗಲ್ಲ ಮಗಾ, ಹೋಗುವಾಗ ಎಲ್ಲರೂ ಹಾಗೇ ಹೇಳೋದು."

"ಪಪ್ಪನೂ ಹೇಳ್ತಾರೆ. ಪಪ್ಪ ಡೈಲಿ ವಾಪಸ್ ಬರ್ತಾರೆ."

ನನಗೂ ಬರ್ತೇನೆ ಎಂದು ಹೇಳಿ ಹೋದವರಿದ್ದಾರೆ. ಊರಿಗೆ ಮರಳಿದ ತಮ್ಮ, ವಿರಾರಿಗೆ ಮನೆ ಬದಲಿಸಿದ ಗೆಳತಿ. ಇಬ್ಬರೂ ಬರಲಿಲ್ಲ. ಅದನ್ನು ಸುಳ್ಳು ಎನ್ನುವ ಧೈರ್ಯ ನನಗಿರಲಿಲ್ಲ, ಅಷ್ಟೇ.

"ತಪ್ಪಾಯ್ತು ನಿಧಿ" ಎಂದೆ. ಇನ್ನು ಮುಂದೆ ಬರ್ತೇನೆ ಅನ್ನುವುದಾದರೆ ದಿನ, ಗಂಟೆ ಎರಡನ್ನೂ ಹೇಳಬೇಕು ಎಂದು ಅವಳು ಕರಾರು ಹಾಕಿದಳು. ನೋಟ್‌ಬುಕ್ಕಿನಲ್ಲಿ ಬರೆದು ನನ್ನ ಸಹಿಯನ್ನೂ ಹಾಕಿಸಿಕೊಂಡಳು. ಹೊರಡುವಾಗ ಬಾಗಿಲಲ್ಲಿ ನಿಂತು, ತುಟಿಗೆ ಬಂದದ್ದನ್ನು ನುಂಗಿಕೊಂಡು, "ಹೋಗ್ತೇನೆ" ಎಂದೆ. "ಛೆ ಛೆ, ಹಾಗೆ ಹೇಳ್ಬಾರ್ದು ಮೇಡಂ!" ಎಂದು ಅಮ್ಮ ಗಾಬರಿಯಾದರು. ನಿಧಿ ಮಾತ್ರ "ಕರೆಕ್ಟ್" ಎಂದಳು. ಮರುದಿನ ಮೊದಲ ಬೆಂಚಿನಲ್ಲಿದ್ದಳು.

ಈಗ ಪೇಚಾಟವೆಲ್ಲ ನನ್ನದೇ. ಬೆಳಗ್ಗೆ ಬೀಗ ಹಾಕುವಾಗ ಖಾಲಿ ಮನೆಗೆ "ಬರ್ತೇನೆ" ಎನ್ನುವುದು ನನ್ನ ಹಳೇ ಅಭ್ಯಾಸ. ಸಹಿ ಹಾಕಿದ ಮೇಲೆ ಅದನ್ನಾದರೂ ಸರಿಯಾಗಿ ಹೇಳಬೇಡವೇ? ನಿನ್ನೆ "ಆರೂವರೆಗೆ ಬರ್ತೇನೆ" ಎಂದು ಹೇಳಿಯೇ ಹೊರಟೆ. ಲೋಕಲ್ ಅಂಧೇರಿಯಲ್ಲಿ ನಿಂತುಬಿಟ್ಟು ಏಳೂಕಾಲಾಯಿತು. ಬೀಗ ತೆಗೆದು, ಚಪ್ಪಲಿ ಕೂಡ ಬಿಡದೆ, "ತಡ ಆಯ್ತು, ತಪ್ಪಾಯ್ತು" ಎಂದೆ. ಸುಳ್ಳಿ ಎಂದು ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು.