ಮಲ್ಲಿಗೆ ಅಕ್ಕನ ಸರ್ವರಿನ ಫೋಟೋ ತೆಗೆದದ್ದು

ನಾನು ಕೋಣೆಯೊಳಗೆ ಕಾಲಿಟ್ಟರೆ ಕೆಟ್ಟ ಕಂಪ್ಯೂಟರುಗಳು ಹೆದರಿ ತಾವಾಗಿಯೇ ಸರಿಯಾಗುತ್ತವೆ. ಇದನ್ನು ನಾನು ಹೇಳುವುದಲ್ಲ, ಜನ ಹೇಳುವುದು. ಯಾವ ಜನ ಎಂದು ಮಾತ್ರ ಕೇಳಬೇಡಿ. ಊರಿನ ವ್ಯಾಪಾರಿಗಳ ಸರ್ವರುಗಳನ್ನು ನೋಡಿಕೊಳ್ಳುವ ಮಣಿಪಾಲದ ಒಂದು ಸಣ್ಣ ಕಂಪನಿಯಲ್ಲಿ ಬ್ಯಾಕಪ್ ತೆಗೆಯುವುದು ನನ್ನ ಉದ್ಯೋಗ. ಅಂದರೆ, ನಾಳೆ ಯಂತ್ರ ಕೈಕೊಟ್ಟರೆ ಎತ್ತಿ ಕೊಡಲು ಇವತ್ತೇ ಒಂದು ನಕಲು ಇಟ್ಟುಕೊಳ್ಳುವುದು. ನೋಡುವವರಿಗೆ ನಾನು ಕುರ್ಚಿಯಲ್ಲಿ ಕೂತು ಚಹಾ ಕುಡಿಯುವ ಮನುಷ್ಯ. ಅಸಲಿಗೆ ಇಡೀ ಕರಾವಳಿಯ ಕಾವಲುಗಾರ. ಇಂಥವನನ್ನು ಫಜೀತಿಗಳು ವಿಳಾಸ ಕೇಳಿಕೊಂಡು ಹುಡುಕಿ ಬರುತ್ತವೆ. ಮೊನ್ನೆ ಮೊನ್ನೆ ಆ ಕುರ್ಚಿಯೇ ಹೋಗುವುದರಲ್ಲಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

೧. ಕಾರ್ಕಳದ ಭಾವ

ನನ್ನ ಹೆಂಡತಿಯ ಅಣ್ಣನಿಗೆ ಕಾರ್ಕಳದಲ್ಲಿ ಗ್ರಾನೈಟ್ ವ್ಯಾಪಾರ. ಕಾಲ ಮೇಲೆ ಬಿದ್ದರೆ ನೋವಾಗುವ ಸಾಮಾನನ್ನು ಮಾತ್ರ ಅವನು ನಂಬುವುದು. ಅವನ ಮನೆಯ ಪೂಜೆಯ ಊಟಕ್ಕೆ ಕೂತಿದ್ದಾಗ ಪಂಕ್ತಿಯ ಆ ತುದಿಯಿಂದ ಕೂಗಿದ:

"ಭಾವ, ನೀನು ಬ್ಯಾಕಪ್ ಬ್ಯಾಕಪ್ ಅಂತ ವರ್ಷಗಟ್ಟಲೆ ಹೇಳ್ತಾ ಇದ್ದಿ. ಅದನ್ನು ಕಣ್ಣಲ್ಲಿ ನೋಡಿದವರು ಯಾರಾದರೂ ಉಂಟಾ?"

"ತೆಗೆದು ನೋಡುವ ಪರಿಸ್ಥಿತಿಯೇ ಬರಲಿಲ್ಲ. ಅದೇ ನನ್ನ ಸಾಧನೆ," ಎಂದೆ.

"ಹಾಗಾದರೆ ನನಗೂ ಸಮುದ್ರ ಈಜಿ ದಾಟಲಿಕ್ಕೆ ಬರ್ತದೆ ಮಾರಾಯ. ದಾಟುವ ಪರಿಸ್ಥಿತಿ ಬರಲಿಲ್ಲ, ಅಷ್ಟೇ."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಬಡಿಸುವವನು ನಗುವ ಭರದಲ್ಲಿ ನನ್ನ ಎಲೆ ದಾಟಿ ಮುಂದಕ್ಕೆ ಹೋದ. ಆ ದಿನ ನಾನು ಮಾನವನ್ನೂ ಪಾಯಸವನ್ನೂ ಒಟ್ಟಿಗೇ ಕಳೆದುಕೊಂಡೆ.

೨. ಕಾಪುವಿನ ಧನಿ

ಕಾಪುವಿನಲ್ಲಿ ಐಸ್ ಪ್ಲಾಂಟ್ ಇಟ್ಟುಕೊಂಡ ಧನಿಯೊಬ್ಬರು ನಮ್ಮ ಗಿರಾಕಿ. ದೋಣಿಗಳಿಗೆಲ್ಲ ಅವರದ್ದೇ ಐಸ್. ಒಂದು ದಿನ ಆಫೀಸಿಗೇ ಬಂದು, "ನನ್ನ ಸರ್ವರ್ ಯಾವುದು, ತೋರಿಸಿ," ಎಂದರು.

ನಾನು ಪೆಟ್ಟಿಗೆ ತೋರಿಸಿದೆ. "ಇದರ ಒಳಗೆ ಉಂಟು."

"ಬೇರೆಯವರದ್ದು?"

"ಅವೂ ಇದರೊಳಗೇ. ಇದು ನಮ್ಮ ಹಳೆಯ ಕುಟುಂಬದ ಮನೆ ಇದ್ದ ಹಾಗೆ ಧನಿ. ಮನೆ ಒಂದೇ, ಸಂಸಾರ ಹಲವು. ಆದರೆ ಪ್ರತಿಯೊಂದಕ್ಕೂ ಇಡೀ ಮನೆ ತನ್ನೊಬ್ಬನದೇ ಅಂತ ಭ್ರಮೆ. ಇದಕ್ಕೆ ವರ್ಚುವಲ್ ಅಂತ ಹೆಸರು."

"ಅಡಿಗೆಮನೆ?"

"ಒಂದೇ."

"ಹಾಗಾದರೆ ಜಗಳ ಗ್ಯಾರಂಟಿ," ಎಂದು ತೀರ್ಪು ಕೊಟ್ಟರು. ಆಮೇಲೆ ಏಸಿಯ ಚಳಿಗೆ ತೋಳು ತಿಕ್ಕಿಕೊಳ್ಳುತ್ತಾ, "ಇಷ್ಟು ತಂಪು ಬೇಕಿದ್ದರೆ ನನ್ನಲ್ಲಿಯೇ ಇಡಬಹುದಿತ್ತಲ್ಲ?" ಎಂದರು. ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ.

ಮರುದಿನ ಕಾಪುವಿನಿಂದ ಐಸ್ ತುಂಬಿದ ಪೆಟ್ಟಿಗೆ ಬಂತು, ಒಳಗೆ ಫ್ರೆಶ್ ಬಂಗುಡೆ ಮೀನು. ಹಿಂದೆಯೇ ಧನಿಯ ಫೋನು: "ಐಸ್ ಸರ್ವರಿಗೆ, ಬಂಗುಡೆ ನಿಮಗೆ. ಅದಲು ಬದಲು ಮಾಡಬೇಡಿ ಮಾರಾಯ್ರೆ."

೩. ಬಾಯಲ್ಲಿ ತುತ್ತು

ಅಡಿಗೆಮನೆಯ ಜಗಳ ಕೊನೆಗೂ ಬಂತು, ಶಂಕರಪುರದ ಅಕ್ಕನ ರೂಪದಲ್ಲಿ. ಅವರದ್ದು ಮಲ್ಲಿಗೆ ವ್ಯಾಪಾರ, ನಮ್ಮ ಕಂಪನಿಗೆ ಅವರೇ ದೊಡ್ಡ ಗಿರಾಕಿ. ಮುಂಬೈ, ಉಡುಪಿ, ಗಲ್ಫ್ ಎಲ್ಲ ಕಡೆಯ ಆರ್ಡರು ಹಗಲಿಡೀ ಅವರ ಸರ್ವರಿಗೆ ಬೀಳುತ್ತದೆ. ನಾಳೆ ಬೆಳಿಗ್ಗೆ ಯಾರು ಎಷ್ಟು ಅಟ್ಟೆ, ಅಂದರೆ ನಾಲ್ಕು ಚೆಂಡಿನ ಕಟ್ಟು, ಹೂವು ಕಟ್ಟಿ ತರಬೇಕು ಎಂದು ಹೂ ಕಟ್ಟುವ ಮನೆಗಳಿಗೆಲ್ಲ ಸಂಜೆ ಮೆಸೇಜು ಹೋಗುತ್ತದೆ.

ಬ್ಯಾಕಪ್ ಎಂದರೆ ಓಡುತ್ತಿರುವ ಸರ್ವರಿನ ಫೋಟೋ ತೆಗೆದ ಹಾಗೆ. ಫೋಟೋ ತೆಗೆಯುವಾಗ ಅದು ಒಂದು ಗಳಿಗೆ ಉಸಿರು ಬಿಗಿಹಿಡಿದು ನಿಲ್ಲಬೇಕು. ಪುರುಸೊತ್ತಿನ ಸರ್ವರಾದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಆದರೆ ಮದುವೆ ಸೀಸನ್ನಿನಲ್ಲಿ ಅಕ್ಕನ ಸರ್ವರು ಒಮ್ಮೆ ನಿಂತರೆ ಮತ್ತೆ ಅಲುಗಾಡುತ್ತಲೇ ಇರಲಿಲ್ಲ.

"ಅಣ್ಣಾ, ಪುನಃ ಕಲ್ಲಾಯಿತು! ಮುಂಬೈಯವರು ಲೈನಲ್ಲಿದ್ದಾರೆ, ನಾನು ಎಂತ ಹೇಳಲಿ?"

ಮತ್ತೊಮ್ಮೆ ಕಲ್ಲಾದರೆ ಬೇರೆ ಕಂಪನಿಗೆ ಹೋಗುವುದಾಗಿ ಅಕ್ಕ ಹೇಳಿಬಿಟ್ಟರು. ನಮ್ಮ ಬಾಸ್ ನನ್ನನ್ನು ಕರೆದು, "ಅಕ್ಕ ಹೋದರೆ ಈ ಆಫೀಸಿಗೆ ಬೀಗ. ನಿಮ್ಮ ಕುರ್ಚಿ ಗುಜರಿಗೆ," ಎಂದರು.

ನಾನು ಯೋಚಿಸಿದೆ. ಮದುವೆ ಊಟದ ನಡುವೆ ಕ್ಯಾಮೆರಾದವನು ಬಂದರೆ ನಾವು ಎಂತ ಮಾಡುತ್ತೇವೆ? ಬಾಯಲ್ಲಿದ್ದ ತುತ್ತು ನುಂಗಿ, ಆಮೇಲೆ ನಗುತ್ತೇವೆ. ಹಾಗೆಯೇ ಸರ್ವರಿಗೂ ಮೊದಲು ಕೈಯಲ್ಲಿದ್ದದ್ದನ್ನು ಬರೆದು ಮುಗಿಸಲು ಹೇಳಿದೆ, ಆಮೇಲೆ ಫೋಟೋ. ಅದೂ ಮಧ್ಯಾಹ್ನ, ಹೂವಿನ ಗಾಡಿಗಳು ಹೋಗಿ ಅಕ್ಕ ಊಟಕ್ಕೆ ಕೂತ ಹೊತ್ತಿಗೆ. ಕಲ್ಲಾಗುವುದು ನಿಂತಿತು. ಕಾಲರ್ ಎತ್ತಿಕೊಂಡು ಫೋನು ಮಾಡಿದೆ.

"ಅಡ್ಡಿ ಇಲ್ಲ ಅಣ್ಣಾ," ಎಂದರು ಅಕ್ಕ. "ಆದರೆ ಆ ಫೋಟೋಕ್ಕೆ ಜೀವ ಬರ್ತದಾ? ಕಣ್ಣಾರೆ ನೋಡಿದ ಮೇಲೆಯೇ ನಾನು ನಿಲ್ಲುವುದೋ ಹೋಗುವುದೋ ಹೇಳುವುದು."

ಕಾರ್ಕಳದ ಭಾವನಿಗೂ ಶಂಕರಪುರದ ಅಕ್ಕನಿಗೂ ಎಲ್ಲೋ ಸಂಬಂಧ ಇರಲೇಬೇಕು.

೪. ಜೀವ ಬಂದದ್ದು

ಮರುದಿನ ಮಧ್ಯಾಹ್ನ ಅಕ್ಕ ಮಣಿಪಾಲಕ್ಕೆ ಬಂದರು. ಹಿಂದಿನ ದಿನ ತೆಗೆದ ನಕಲನ್ನು ನಾನು ಅವರೆದುರೇ ಎಬ್ಬಿಸಿದೆ. ಪರದೆಯ ಮೇಲೆ ಅವರ ಆರ್ಡರುಗಳೆಲ್ಲ ಸಾಲಾಗಿ ಬಂದವು.

"ಇದು ಟಿವಿಯಲ್ಲಿ ತೋರಿಸಿದ ಹಾಗೆ ಅಲ್ವಾ?" ಎಂದರು ಅಕ್ಕ. "ನನ್ನ ಫೋನಿನಲ್ಲಿ ಬರಲಿ, ನಂಬುತ್ತೇನೆ."

ಎಬ್ಬಿಸಿದ ನಕಲನ್ನು ಹೊರಗಿನ ನೆಟ್ಟಿಗೆ ಸೇರಿಸಬಾರದು ಎಂಬುದು ನಮ್ಮ ಉದ್ಯೋಗದ ಮೊದಲ ಪಾಠ. ಆದರೆ ಎದುರಿಗೆ ಅಕ್ಕ, ಹಿಂದೆ ಬಾಸ್, ನಡುವೆ ನನ್ನ ಕುರ್ಚಿ. ಸೇರಿಸಿದೆ. ಅಕ್ಕನ ಫೋನಿನಲ್ಲಿ ಎಲ್ಲವೂ ಬಂತು.

"ಅಬ್ಬಾ, ಜೀವ ಉಂಟು!" ಎಂದು ಅಕ್ಕ ನಕ್ಕರು. ನಾನು ನಕಲನ್ನು ಆಫ್ ಮಾಡಿ, ಚಹಾ, ಬಿಸಿ ಗೋಳಿಬಜೆ ತರಿಸಿದೆ.

ಪಾಪ, ಆ ನಕಲಿಗೆ ಇನ್ನೂ ಹಿಂದಿನ ದಿನದ ಮಧ್ಯಾಹ್ನ. ನೆಟ್ಟಿಗೆ ಸೇರಿಸಿದ ಆ ಗಳಿಗೆಯಲ್ಲೇ ಅದು ಗಡಿಯಾರ ನೋಡಿ, ಸಂಜೆಯ ಮೆಸೇಜು ಕಳಿಸಲು ತಡವಾಯಿತೆಂದು ಗಾಬರಿಯಾಗಿ, ಎಲ್ಲರಿಗೂ ಒಮ್ಮೆಲೇ ಕಳಿಸಿಬಿಟ್ಟಿತ್ತು. ನಾವು ಯಾರೂ ಗಮನಿಸಲಿಲ್ಲ. ಸಂಜೆ ಅಸಲಿ ಸರ್ವರು ತನ್ನ ಮೆಸೇಜನ್ನೂ ಕಳಿಸಿತು. ಹೂ ಕಟ್ಟುವವರು ಎರಡನ್ನೂ ಕೂಡಿಸಿಕೊಂಡರು.

ಬೆಳಿಗ್ಗೆ ಅಕ್ಕನ ಫೋನು: "ಅಣ್ಣಾ, ಅಂಗಳದಲ್ಲಿ ಕಾಲಿಡಲಿಕ್ಕೆ ಜಾಗ ಇಲ್ಲ! ಎಲ್ಲರೂ ಎರಡೆರಡು ಮೆಸೇಜು ತೋರಿಸ್ತಾ ಇದ್ದಾರೆ!"

ನನ್ನ ಕುರ್ಚಿ ಗುಜರಿ ಅಂಗಡಿಯಲ್ಲಿ ಒಂಟಿಯಾಗಿ ಕೂತ ದೃಶ್ಯ ಕಣ್ಣ ಮುಂದೆ ಬಂತು. ಬೈಕು ಹತ್ತಿ ಶಂಕರಪುರಕ್ಕೆ ಓಡಿದೆ. ಅಂಗಳದ ತುಂಬ ಬಾಳೆಲೆಯಲ್ಲಿ ಕಟ್ಟಿದ ಮಲ್ಲಿಗೆ. ಒಬ್ಬ ಹೆಂಗಸು ನನ್ನನ್ನು ನೋಡಿ, "ನಿಮ್ಮ ಮನೆಯಲ್ಲಿ ಮದುವೆಯಾ?" ಎಂದು ಕೇಳಿದಳು. ಇನ್ನೊಬ್ಬಳು, "ಬೇರೆ ವ್ಯಾಪಾರಿಗಳಿಗೆ ಕೊಡುವುದನ್ನೂ ಅಕ್ಕನಿಗೇ ತಂದೆವು," ಎಂದಳು.

ನನ್ನನ್ನು ಉಳಿಸಿದ್ದು ಆ ಮಾತು. ಆ ದಿನ ಭರ್ಜರಿ ಮುಹೂರ್ತ. ಬೇರೆ ವ್ಯಾಪಾರಿಗಳ ಬುಟ್ಟಿ ಖಾಲಿ, ಊರಿನ ಹೂವೆಲ್ಲ ಅಕ್ಕನ ಅಂಗಳದಲ್ಲಿ. ಸ್ವಲ್ಪ ಹೊತ್ತಿಗೆ ಉಡುಪಿಯಿಂದ ಹೂವು ಕೊಳ್ಳುವವರ ಗಾಡಿಗಳು ಒಂದರ ಹಿಂದೆ ಒಂದು ಬಂದು ನಿಂತವು. ಉಳಿದದ್ದು ಒಂದೇ ಅಟ್ಟೆ.

ಅಕ್ಕ ಅದನ್ನು ನನ್ನ ಕೈಗಿಟ್ಟು, "ನಾನು ಎಲ್ಲಿಗೂ ಹೋಗುವುದಿಲ್ಲ ಅಣ್ಣಾ," ಎಂದರು. ಮತ್ತೆ ದನಿ ತಗ್ಗಿಸಿ, "ಮುಂದಿನ ಮುಹೂರ್ತ ಯಾವಾಗ ಅಂತ ಹೇಳ್ತೇನೆ, ಹಿಂದಿನ ದಿನ ಇನ್ನೊಮ್ಮೆ ಪರೀಕ್ಷೆ ಮಾಡುವ," ಎಂದರು.

ನಾನು ಸೀದಾ ಕಾರ್ಕಳಕ್ಕೆ ಹೋದೆ. ಭಾವನ ಗ್ರಾನೈಟಿನ ಮೇಜಿನ ಮೇಲೆ ಮಲ್ಲಿಗೆ ಇಟ್ಟೆ.

"ಎಂತ ಇದು?"

"ಬ್ಯಾಕಪ್. ಯಾರೂ ನೋಡಿಲ್ಲ ಅಂದಿದ್ದಿಯಲ್ಲ. ಬರೀ ನೋಡಬೇಡ ಭಾವ, ಮೂಸು. ಪರಿಮಳ ಇರುವ ಬ್ಯಾಕಪ್ ಪ್ರಪಂಚದಲ್ಲಿ ನನ್ನದೊಂದೇ."

ಕಥೆ ಪೂರ್ತಿ ಕೇಳಿದ. ಒಮ್ಮೆ ಮೂಸಿದ. ಹೂವು ಎತ್ತಿಕೊಂಡು ಒಳಗೆ ಹೋದ. ಅಡಿಗೆಮನೆಯಿಂದ ಅವನ ದನಿ ಕೇಳಿತು, ಅತ್ತಿಗೆಗೆ ಹೇಳುತ್ತಿದ್ದ:

"ಧಾರಾಳ ಮುಡಿ ಮಾರಾಯ್ತಿ. ಬಾಡಿದರೆ ಭಾವನ ಹತ್ತಿರ ಇನ್ನೊಂದು ಉಂಟು."