ಬೀದಿಗೊಬ್ಬ ಅನುಕೂಲಸ್ಥ

ಫ್ರಿಜ್ಜು, ಟೀವಿ ಇದ್ದವರ ರೇಷನ್ ಕಾರ್ಡು ರದ್ದಾಗುತ್ತದೆ, ಮನೆ ನೋಡಲು ಸಾಹೇಬರು ಬರುತ್ತಿದ್ದಾರೆ ಎಂಬ ಸುದ್ದಿ ದೇವನಹಳ್ಳಿ ಪಕ್ಕದ ಆ ಬೀದಿಗೆ ಬೆಳಗಿನ ಹಾಲಿನ ಜೊತೆಗೇ ಬಂತು.

ಕೊನೆಮನೆಯ ಆದಿನಾರಾಯಣಪ್ಪನಿಗೆ ಗಾಬರಿಯಿರಲಿಲ್ಲ. ಅವನ ಮನೆಯಲ್ಲಿದ್ದದ್ದು ಒಂದು ಚಾಪೆ, ನಾಲ್ಕು ಪಾತ್ರೆ, ಕಣ್ಣಿಗೆ ಪೊರೆ ಬಂದ ಹೆಂಡತಿ ಅಕ್ಕಯಮ್ಮ. ಸೋಮವಾರ ಅವಳ ಆಪರೇಷನ್ನು. ಕಾರ್ಡು ತೋರಿಸಿದರೆ ಪುಕ್ಕಟೆ.

"ಆದಿನಾರಾಯಣಣ್ಣ, ನಿಮ್ಮನೆ ಹೆಂಗೂ ಖಾಲಿ," ಎನ್ನುತ್ತಾ ಪಕ್ಕದ ಮನೆ ವರಲಕ್ಷ್ಮಮ್ಮ ಫ್ರಿಜ್ಜು ಹೊರಿಸಿಕೊಂಡು ಬಂದೇಬಿಟ್ಟಳು. "ಒಂದು ಗಳಿಗೆ ಇಟ್ಕೊಳ್ಳಿ. ಯಾವ ಸಾಹೇಬ್ರು ಬಂದ್ರೂ ಗುಡಿ ಹತ್ರ ಮೆಂಬರ್ ಮನೇಲಿ ಕಾಫಿ ಕುಡ್ದೇ ಶುರು ಮಾಡೋದು. ನಿಮ್ಮನೆಗೆ ಬರೋಷ್ಟ್ರಲ್ಲಿ ಹಿತ್ಲಿಂದ ವಾಪಸ್ ತಗೊಂಡೋಗಿರ್ತೀವಿ."

"ಅಕ್ಕಯಮ್ಮನ ಕಣ್ಣಿನ ಕೆಲ್ಸ ಐತೆ ಕಣಮ್ಮ..."

"ನಮ್ಗೂ ಹೊಟ್ಟೆ ಐತೆ ಕಣಣ್ಣ."

ಹಿಂದೆಯೇ ಎದುರುಮನೆ ರಾಮಾಂಜಿನಪ್ಪನ ಟೀವಿ ಬಂತು. ಆಮೇಲೆ ಇಡೀ ಬೀದಿಯೇ ಬಂತು. ಹತ್ತು ಗಂಟೆಗೆ ಮನೆ ಛತ್ರದ ಉಗ್ರಾಣದಂತಾಯಿತು. ಅಕ್ಕಯಮ್ಮ ತಡಕಾಡುತ್ತಾ ಬಂದು ವಾಷಿಂಗ್ ಮೆಷೀನಿನ ಬೆನ್ನು ಸವರಿ, "ಯಾರವ್ವಾ ಬಂದಿದ್ದು, ಕೂತ್ಕೋ," ಎಂದಳು.

ಆದರೆ ಗುಡಿ ಕಡೆಯ ರಸ್ತೆಯನ್ನು ಪೈಪಿಗೆಂದು ಅಗೆದಿದ್ದರು. ಸಾಹೇಬರ ಬೈಕು ಕೆರೆ ಕಡೆಯಿಂದ ಬಂದು ನೇರ ಕೊನೆಮನೆ ಮುಂದೆ ನಿಂತಿತು.

ಫ್ರಿಜ್ಜು ಐದು, ಟೀವಿ ನಾಲ್ಕು. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದಂತೆ ಸಾಹೇಬರು ಬರೆದುಕೊಂಡರು.

"ನಮ್ದಲ್ಲ ಸ್ವಾಮಿ. ವರಲಕ್ಷ್ಮಮ್ಮ, ನೀನೇ ಹೇಳಮ್ಮ."

"ನಮ್ಮನೇಲಿ ಫ್ರಿಜ್ಜೆಲ್ಲಿಂದ ಬಂತು ಸಾರ್? ಮಡಕೆ ನೀರು ಕುಡಿಯೋರು ನಾವು."

ರಾಮಾಂಜಿನಪ್ಪ ತಲೆ ಮೇಲೆ ಇಳಿಯುತ್ತಿದ್ದ ವಿಮಾನವನ್ನು ಇವತ್ತೇ ಮೊದಲು ಕಂಡವನಂತೆ ನೋಡುತ್ತಿದ್ದ.

ಸಾಹೇಬರು ಆದಿನಾರಾಯಣಪ್ಪನನ್ನು ಹತ್ತಿರ ಕರೆದು, ಸೂರಿನಲ್ಲಿ ನೇತಾಡುತ್ತಿದ್ದ ಒಂಟಿ ಬಲ್ಬು ತೋರಿಸಿದರು. "ಈ ಮನೇಲಿ ಒಂದು ಪ್ಲಗ್ಗೂ ಇಲ್ಲ. ಇವು ನಿಮ್ದಲ್ಲ ಅಂತ ನಂಗೊತ್ತು ಯಜಮಾನ್ರೇ."

ಅವನಿಗೆ ಹೋದ ಜೀವ ಬಂದಂತಾಯಿತು. "ಹಂಗಾದ್ರೆ ಕಾರ್ಡು?"

"ರದ್ದು. ಏರ್‌ಪೋರ್ಟ್ ಬಂದ್ಮೇಲೆ ದೇಶ ಬೆಳೆದೈತೆ, ಬೀದಿಗೊಬ್ರಾದ್ರೂ ಬಡತನದಿಂದ ಮೇಲೆ ಬಂದಿರ್ಲೇಬೇಕು ಅಂತ ಮೇಲಿಂದ ಆರ್ಡರ್ರು. ಬೇರೆಯವ್ರನ್ನ ಬರೆದ್ರೆ ಮೆಂಬರ್ ಹತ್ರ ಓಡ್ತಾರೆ. ನೀವು ಸಂಭಾವಿತರು."

ಅವನನ್ನು ಫ್ರಿಜ್ಜುಗಳ ಮುಂದೆ ನಿಲ್ಲಿಸಿ ಮೊಬೈಲ್ ಎತ್ತಿದರು. "ಸ್ವಲ್ಪ ನಗಿ."

ಆದಿನಾರಾಯಣಪ್ಪ ಬೆನ್ನಿಗಿದ್ದ ಫ್ರಿಜ್ಜಿನತ್ತ ಹಿಂದಕ್ಕೆ ವಾಲಿದ.

ಬಾಗಿಲಲ್ಲಿದ್ದ ವರಲಕ್ಷ್ಮಮ್ಮ ತಡೆಯಲಾರದೆ ಅಂದಳು: "ಅಣ್ಣ, ಒರಗ್ಬೇಡಿ. ಗೀರು ಬಿದ್ದಾತು."